ಅಂಗಡಿ ಖರ್ಚೆಲ್ಲಾ ಮನೀಗೆ ಹಾಕಿದ್ದು

ಆ ರವಿವಾರ ಸಂಜಿಮುಂದ ಉಣಕಲ್ಲಿನ ಬಯಲಾಗ ನಮ್ಮ ಓಣಿ ಟೀಮಿನ ಫೈನಲ್ ಮ್ಯಾಚ್ ಇತ್ತು. ಓಪನಿಂಗ್ ನಂದ. ನಾ ಇಲ್ಲಂದ್ರ ಟೀಮ್ ಇಲ್ಲ ಅಂತ ಊರೆಲ್ಲಾ ಹೇಳ್ತಿತ್ತು; ಊರು ಅಂದ್ರ ಮುಖ್ಯ ನಾನು. ಛಲೋ ಬ್ಯಾಟ್ ಇದ್ದದ್ದೂ ನನ್ನ ಹತ್ರ ಒಂದ.

ಮುಂಜಾನಿ ಕಾಕಾ ತಲಿ ಹಿಡ್ಕೊಂಡು ಕುಂತಿದ್ದ. ಲೆಕ್ಕ ಬರಿಯಾಂವ ರಜಾ ಹಾಕ್ಯಾನ, ನಾಳೆ ಸಿಎ ಸಾಹೇಬ್ರಿಗೆ ಎಲ್ಲಾ ಕೊಡಬೇಕು. ನಾ ಸುಮ್ನಿರಬೇಕಿತ್ತು. "ಕಂಪ್ಯೂಟರ್ದಾಗ ಅದು ಹತ್ತು ಮಿನಿಟಿನ ಕೆಲಸ, ಕಾಕಾ" ಅಂದ್ಬಿಟ್ಟೆ. ಕಾಕಾ ನನ್ನ ಬ್ಯಾಟ್ ಸಮೇತ ಅಂಗಡಿಗೆ ಎಳ್ಕೊಂಡು ಹೋದ.

ಅಮರಗೋಳದಾಗ ಕಾಕಾಂದು ಒಣಮೆಣಸಿನಕಾಯಿ ವ್ಯಾಪಾರ. ಕುರ್ಚಿ ಹಿಂದ ಚೀಲ, ಮುಂದ ಚೀಲ, ಬಾಗಲಿಗೆ ಅಡ್ಡ ಕಾಕಾ. ಕಂಪ್ಯೂಟರ್ ಸುದ್ದಾ ಸೀನಬೇಕು, ಅಂಥಾ ಘಾಟು. ಲೆಕ್ಕ ಬರಿಯಾಂವ ತನಗ ಗೊತ್ತಾಗಲಾರದ್ದನ್ನೆಲ್ಲಾ 'ತಿಳೀದ ಖರ್ಚು' ಅನ್ನೋ ಒಂದ ಖಾತೇಕ್ಕ ನೂಕಿಟ್ಟಿದ್ದ. ಅವನ್ನ ಆರಿಸಿ ತಮ್ಮ ತಮ್ಮ ಖಾತೇಕ್ಕ ಹಾಕಬೇಕು. ಕಾಕಾಗ ಕೇಳಿದ್ರ ಒಂದೊಂದಕ್ಕೂ ಒಂದ ಪುರಾಣ.

"ಇದು ಹಮಾಲರಿಗೆ ಕೊಟ್ಟದ್ದು. ಅವತ್ತ ಮಳಿ ಬಂದಿತ್ತ ನೋಡು, ತಾಡಪತ್ರಿ ಹರಿದಿತ್ತು..."

ಆ ತಾಡಪತ್ರಿ ಹೊಲದು ಮುಗಿಯೂದ್ರಾಗ ನನಗ ಮೀಸಿ ಬಂದಿರತಿತ್ತು.

ಕಾಕಾ ಚಹಾ ತರಾಕ ಹೋದ. ಅಷ್ಟ ಸಾಕಾತು. ಎಲ್ಲಾ ಒಮ್ಮೆಲೆ ಆರಿಸಿದೆ, 'ಮನಿ ಖರ್ಚು' ಅಂತ ಕೊಟ್ಟೆ, ಒಂದ ಗುಂಡಿ ಒತ್ತಿದೆ. ತಿಳೀದ ಖರ್ಚು ಒಂದೂ ಉಳೀಲಿಲ್ಲ. ಬ್ಯಾಟ್ ಬಗಲಾಗ ಹಿಡ್ಕೊಂಡು ಎದ್ದೆ.

ಬಾಗಲಾಗ ಕಾಕಿ. ಬುತ್ತಿ ತಂದಿದ್ಲು. ಕಣ್ಣು ಸೀದಾ ಸ್ಕ್ರೀನಿಗೆ ಹೋತು. ಕಾಕಾ ಚಹಾ ಹಿಡ್ಕೊಂಡು ಬಂದದ್ದ ತಡ, ಕೇಳಿದ್ಲು, "ಮಿಕ್ಸರ್ ತರ್ರಿ ಅಂದ್ರ ಈ ವರ್ಷ ಕೈ ಬಿಗಿ ಐತಿ ಅಂದ್ರಿ. ಇಷ್ಟೆಲ್ಲಾ ಯಾವ ಮನೀಗೆ ಕೊಟ್ರಿ?"

ಕಾಕಾನ ಚಹಾ ಬಶಿಗೆ ಚೆಲ್ಲಿತು. "ಏ, ಇದು ಲಾರೀದು, ಹಮಾಲರದು. ಇವನ್ನ ಕೇಳು."

"ತಡೀರಿ, ಹೊಳ್ಳಿ ಹಾಕ್ತೇನಿ" ಅಂದೆ. ಆಗ ಕಂಡಿತು, ಆ ಖಾತ್ಯಾಗ ಖರೇನ ಮನಿ ಖರ್ಚೂ ಮೊದ್ಲಿಂದ ಐತಿ. ಹಾಲು, ಕಿರಾಣಿ, ಲಾರಿ, ಹಮಾಲಿ ಎಲ್ಲಾ ಕಲಸಿ ಚಿತ್ರಾನ್ನ ಆಗಿತ್ತು. ಇನ್ನ ಒಂದೊಂದ ಆರಿಸಿ ತಗೀಬೇಕು.

ಕಾಕಿ ಒಂದ ಚೀಲ ಜಗ್ಗಿ ನನ್ನ ಬಾಜೂಕ ಕುಂತ್ಲು. "ಓದು. ನಾನೂ ಕೇಳ್ತೇನಿ."

ಈಗ ಒಂದೊಂದಕ್ಕ ಎರಡೆರಡು ಪುರಾಣ. ಕಾಕಾ ಹಮಾಲಿ ಅಂದ್ರ ಕಾಕಿ "ಅವತ್ತ ಪ್ಯಾಟಿ ಬಂದ್ ಇತ್ತಲ್ರೀ" ಅಂತಿದ್ಲು. ನಡುವ ನಾನು, ಸೀನಕೋಂತ.

"ಕಾಕಾ, ಮ್ಯಾಚ್..."

"ಹತ್ತು ಮಿನಿಟಿಂದು ಅಂದಿದ್ದಿ. ಮುಗಿಸಿ ಹೋಗು."

ಹೊತ್ತು ಇಳಿಯೂದ್ರಾಗ ಹೊರಗ ಸೈಕಲ್ ಗಂಟಿ ಕೇಳಿಸ್ತು. ನಮ್ಮ ಕ್ಯಾಪ್ಟನ್ ಹುಡುಕ್ಕೊಂಡು ಬಂದಿದ್ದ. ನನ್ನ ಎದಿ ಉಬ್ಬಿ ಚೀಲಕ್ಕ ಹತ್ತಿತು. ಅಂವ ಚೀಲದ ಸಂದ್ಯಾಗಿಂದ ತಲಿ ತೂರಿಸಿ ಕಾಕಿಗೆ "ನಮಸ್ಕಾರ್ರೀ" ಅಂದ. ಆಮ್ಯಾಲ ನನಗ, "ನೀ ಕುಂದ್ರಪಾ, ಗಡಿಬಿಡಿ ಇಲ್ಲ. ಬ್ಯಾಟ್ ಅಷ್ಟ ಕೊಡು."

ಕಾಕೀನ ನನ್ನ ಬಗಲಾಗಿಂದ ಬ್ಯಾಟ್ ಜಗ್ಗಿ ಕೊಟ್ಲು. "ಹೂಂ, ಮುಂದಿಂದು ಓದು."