ಕಂಬದ ಬುಡದಲ್ಲಿ ಹದಿನಾಲ್ಕು ಜನ

ಮಂಚೇನಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆಧಾರ್, ಪಹಣಿ ಬಿಟ್ಟರೆ ಬೇರೆ ಕಾಗದ ನನ್ನ ಮೆಷಿನ್ನಿನ ಗಾಜು ಕಂಡಿದ್ದು ಕಡಿಮೆ. ಹೋದ ವರ್ಷ ಶಿಡ್ಲಘಟ್ಟದ ಕಡೆಯ ಹೆಂಗಸೊಬ್ಬರು ಏಳು ಹಳೆಯ ಫೋಟೋ ತಂದು ಸ್ಕ್ಯಾನ್ ಮಾಡಿಕೊಡಿ ಅಂದರು. ಮಿಲಿಟರಿಯವರ ರೇಡಿಯೋ ಸ್ಟೇಷನ್ ಕಟ್ಟುವಾಗ ಅವರ ತಾತ ಕಂಟ್ರಾಕ್ಟರ್ ಆಗಿದ್ದರಂತೆ. ಪಾಯ ತೋಡಿದ್ದರಿಂದ ಹಿಡಿದು ಕಬ್ಬಿಣದ ಕಂಬ ಮುಗಿಯುವ ತನಕ ತೆಗೆಸಿದ ಚಿತ್ರಗಳು. ಹಿಂದೆ ಒಂದರಿಂದ ಏಳರವರೆಗೆ ನಂಬರು ಹಾಕಿತ್ತು.

ನನ್ನ ಅಮ್ಮನ ಅಪ್ಪ ಸತ್ತಿದ್ದು ಆ ಕೆಲಸದಲ್ಲೇ. ಕಂಬ ಅರ್ಧ ಎದ್ದಾಗ ಮೇಲಿಂದ ಬಿದ್ದರು. ಅಮ್ಮ ಆಗಿನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಳು. ಅಪ್ಪನೆಂದರೆ ಅವಳಿಗೆ ನಮ್ಮ ಗೋಡೆಯ ಮೇಲಿರುವ ಫೋಟೋ ಅಷ್ಟೆ. ಯಾವುದೋ ಗುಂಪು ಫೋಟೋದಿಂದ ಒಂದು ಮುಖ ಎತ್ತಿ, ಚಿಕ್ಕಬಳ್ಳಾಪುರದ ಸ್ಟುಡಿಯೋದವನು ಕೋಟು, ಪೇಟ ಬರೆದು ದೊಡ್ಡದು ಮಾಡಿದ್ದ. ಅಜ್ಜಿಗೆ ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದಿತ್ತು. ಇವರೇನಾ ಎಂದು ಅವನು ಕೇಳಿದ್ದಕ್ಕೆ ಹೂಂ ಅಂದಳಂತೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ಅಮ್ಮ ಬಾಳೆಲೆಗೆ ಬಡಿಸಿ ಆ ಫೋಟೋದ ಮುಂದೆ ಎಡೆ ಇಡುತ್ತಾಳೆ.

ಎರಡನೆಯ ಫೋಟೋದಲ್ಲಿ ಕಂಬ ಇನ್ನೂ ಆಳೆತ್ತರ. ಅದರ ಬುಡದಲ್ಲಿ ಹದಿನಾಲ್ಕು ಜನ ಕೂಲಿಯವರು. ಸ್ಟುಡಿಯೋದವನು ಮುಖ ಎತ್ತಿದ್ದು ಇದರಿಂದಲೇ: ಗೋಡೆಯ ತಾತ ಅಲ್ಲಿ ಸಿಕ್ಕಿದರು, ಹುಬ್ಬಿನ ಮೇಲಿನ ಗಾಯದ ಗೆರೆ ಸಮೇತ. ಹಿಗ್ಗಿ ಹೋದೆ. ಆದರೆ ಏಳನೆಯದರಲ್ಲೂ ಸಿಕ್ಕಿದರು! ಪೂರ್ತಿ ಎದ್ದ ಕಂಬದ ಕೆಳಗೆ ಲಾಡು ಹಿಡಿದು ನಗುತ್ತಿದ್ದರು. ಸತ್ತವರು ಓಪನಿಂಗಿಗೆ ಬರುವುದು ಹೇಗೆ? ನಂಬರು ತಪ್ಪಿರಬಹುದು, ಕಂಬ ತಪ್ಪಲು ಸಾಧ್ಯವೇ? ತಲೆ ಕೆಟ್ಟು, ಗಿರಾಕಿಯೊಬ್ಬರ ಪಹಣಿಯನ್ನು ಎರಡರ ಬದಲು ಹನ್ನೆರಡು ಪ್ರತಿ ತೆಗೆದುಬಿಟ್ಟೆ.

ಆ ಹೆಂಗಸನ್ನು ಕೇಳಿಕೊಂಡು ಆ ಎರಡೂ ಫೋಟೋಗಳ ಪ್ರಿಂಟ್ ತೆಗೆದುಕೊಂಡೆ. ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಗುಟ್ಟು ಇಟ್ಟುಕೊಳ್ಳುವ ಜಾತಿ ನನ್ನದಲ್ಲ, ಹೇಳಿಬಿಟ್ಟೆ.

"ಹಂಗಾದ್ರೆ ಇಷ್ಟು ವರ್ಷ ಬದುಕಿರೋನಿಗೆ ಎಡೆ ಇಕ್ಕಿದ್ನೇನಪ್ಪ?" ಅಂದಳು ಅಮ್ಮ.

ಗೋಡೆಯ ಫೋಟೋ ಇಳಿಸಲಾ ಎಂದೆ. "ಬ್ಯಾಡ, ಪಾಪ, ಇರ್ಲಿ" ಅಂದಳು. ಮರುಕ್ಷಣವೇ, "ಮತ್ತೆ ನಮ್ಮಪ್ಪ ಯಾರು? ತೋರ್ಸು" ಅಂದಳು.

ಅಮ್ಮ ಕನ್ನಡಕ ತೆಗೆದಿಟ್ಟು, ಸೆರಗು ಸರಿಮಾಡಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು. "ನನ್ ಮುಖ ನೋಡು. ಇವ್ರಲ್ಲಿ ನನ್ನಂಗೆ ಯಾರವ್ರೆ?"

ಒಮ್ಮೆ ಅವಳನ್ನು, ಒಮ್ಮೆ ಎರಡನೆಯ ಫೋಟೋದಲ್ಲಿ ಉಳಿದ ಹದಿಮೂರು ಜನರನ್ನು ನೋಡಿದೆ. ಏಳನೆಯದರಲ್ಲಿ ಇವರ ಪೈಕಿ ಒಬ್ಬರೂ ಇರಲಿಲ್ಲ, ಅದನ್ನು ನೋಡಿ ಆರಿಸುವಂತಿರಲಿಲ್ಲ. ಮೂಗು ನೋಡಿದರೆ ಒಬ್ಬ, ಗದ್ದ ನೋಡಿದರೆ ಇನ್ನೊಬ್ಬ. ಎಲ್ಲರೂ ಬಡಕಲು, ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿದವರು. ಹುಟ್ಟಿದಾಗಿನಿಂದ ನೋಡಿದ ಮುಖ ಅಮ್ಮನದು, ಆದರೂ ಹೊಂದಿಸಲು ಬರಲಿಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂತು. ಅವಳು ಕದಲದೆ ಕಾಯುತ್ತಿದ್ದಳು. ಕೊನೆಗೆ ನಡುವಿನ ಒಬ್ಬನನ್ನು ತೋರಿಸಿ, "ಇವ್ರೇ ಇರ್ಬೇಕು ಕಣಮ್ಮ" ಅಂದೆ. ನಿಜ ಹೇಳಿದೆನೋ ಸುಳ್ಳು ಹೇಳಿದೆನೋ ಇವತ್ತಿಗೂ ಗೊತ್ತಿಲ್ಲ.

ಅಮ್ಮ ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ. ಎದ್ದು ಹೋಗಿ ಕುಂಕುಮದ ಭರಣಿ ತಂದಳು. ಪ್ರಿಂಟಿನಲ್ಲಿ ಆ ಮುಖ ಹೆಸರುಕಾಳಿನಷ್ಟಿತ್ತು. ಅವಳು ಬೆರಳು ಒತ್ತಿದಾಗ ಕುಂಕುಮ ಅಕ್ಕಪಕ್ಕದ ಇಬ್ಬರಿಗೂ ಹತ್ತಿತು. ಒರೆಸಲೆಂದು ಸೆರಗು ಎತ್ತಿದವಳು, ಮೂವರನ್ನೂ ನೋಡುತ್ತಾ, ಒರೆಸದೆ ಬಿಟ್ಟಳು.