ಉಡಿದಾರದ ಚಾವಿ

ನನ್ನ ಜನ್ಮದಿನಾಂಕವನ್ನು ನಾನು ನಂಬುವುದಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟರು ಅಪ್ಪನನ್ನು ಕೇಳಿದರಂತೆ, ಅಪ್ಪ ಮಾಡಿನ ತೊಲೆ ನೋಡಿದರಂತೆ, ಮೇಷ್ಟರು ಜೂನ್ ಒಂದು ಎಂದು ಬರೆದುಕೊಂಡರಂತೆ. ನನ್ನ ತರಗತಿಯ ಮುಕ್ಕಾಲು ಪಾಲು ಹುಡುಗರು ಅದೇ ದಿನ ಹುಟ್ಟಿದವರು. ನಾನು ನಿವೃತ್ತನಾದದ್ದೂ ಆ ದಾಖಲೆಯ ಆಧಾರದ ಮೇಲೆಯೇ. ಬದುಕನ್ನೇ ಒಂದು ಖೊಟ್ಟಿ ತಾರೀಕಿನಿಂದ ಆರಂಭಿಸಿದವನು ಮುಂದೆ ಶಾಸನಗಳ ಕಾಲನಿರ್ಣಯವನ್ನೇ ಕಸುಬಾಗಿ ಮಾಡಿಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆ ಕಸುಬಿನಲ್ಲಿ ನಾನು ಕಲಿತದ್ದು ಇಷ್ಟು: ಸುಳ್ಳು ತಾಮ್ರಪಟ ಬರೆಸುವವನು ರಾಜನ ಬಿರುದುಗಳಲ್ಲಿ ಎಡವುವುದಿಲ್ಲ, ದಾನದ ಭೂಮಿಯ ಎಲ್ಲೆ ಹೇಳುವಾಗಲೂ ಎಡವುವುದಿಲ್ಲ, ತಿಥಿಗೂ ವಾರಕ್ಕೂ ತಾಳೆ ಹಾಕುವಾಗ ಸಿಕ್ಕಿಬೀಳುತ್ತಾನೆ. ಮೂವತ್ತು ವರ್ಷ ಹಳೆಯ ಪಂಚಾಂಗಗಳನ್ನು ಎದುರಿಗಿಟ್ಟುಕೊಂಡು ಸತ್ತ ದೊರೆಗಳನ್ನು ಪಾಟೀಸವಾಲಿಗೆ ಒಳಪಡಿಸಿದ್ದೇನೆ. ನಿವೃತ್ತಿಯ ನಂತರ ದೊರೆಗಳು ಮುಗಿದು, ಹಾಲಿನ ಪೊಟ್ಟಣ, ಔಷಧದ ಪಟ್ಟಿ, ಲಗ್ನಪತ್ರಿಕೆಗಳು ಆ ಸ್ಥಾನಕ್ಕೆ ಬಂದವು. ಮುಹೂರ್ತದ ತಿಥಿ ಆ ದಿನಕ್ಕೆ ಹೊಂದುವುದಿಲ್ಲವೆಂದು ಒಬ್ಬ ಬಂಧುವಿಗೆ ತಿಳಿಸಿದ ಮೇಲೆ ದಾವಣಗೆರೆಯಲ್ಲಿ ನನಗೆ ಬರುವ ಆಮಂತ್ರಣಗಳು ತುಸು ಕಡಿಮೆಯಾಗಿವೆ.

ಇಂಥ ನನ್ನನ್ನು ಚನ್ನವೀರಪ್ಪ ತನ್ನ ದೋಣಿಗೆ ಕಡಲತೀರದಲ್ಲಿ ಒಂದು ಭದ್ರವಾದ ಜಾಗ ಹುಡುಕಿಕೊಡೆಂದು ಕೇಳಿದ.

ಚನ್ನವೀರಪ್ಪ ನನ್ನ ಹಾಸ್ಟೆಲಿನ ದಿನಗಳ ಗೆಳೆಯ, ಹರಿಹರದವನು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದ ಮೇಲೆ ಹಿತ್ತಲಿನಲ್ಲಿ ತನ್ನ ಕೈಯಾರೆ ಒಂದು ದೋಣಿ ಕಟ್ಟಿದ. ಪ್ಲೈವುಡ್ ಒಡಲು, ಮೇಲೆ ಫೈಬರ್ ಲೇಪ, ಇಬ್ಬರು ಧಾರಾಳವಾಗಿ ಕೂರಬಹುದು. ಮೂರನೆಯವನು ಕೂರಬೇಕಾದರೆ ಮೊದಲಿಬ್ಬರು ಸಜ್ಜನರಾಗಿರಬೇಕು. ತುಂಗಭದ್ರೆಯಲ್ಲಿ ಅದನ್ನು ನಾಲ್ಕಾರು ಸಲ ತೇಲಿಸಿದ್ದೂ ಉಂಟು. ಆದರೆ ಬೇಸಿಗೆ ಬಂದರೆ ನಮ್ಮ ಹೊಳೆಯಲ್ಲಿ ದೋಣಿಗಿಂತ ಚಪ್ಪಲಿಗೆ ಹೆಚ್ಚು ಕೆಲಸ. ಅವನ ಆಸೆ ಬೇರೆಯೇ ಇತ್ತು. ತಾನು ಕಟ್ಟಿದ ದೋಣಿ ಒಮ್ಮೆಯಾದರೂ ಸಮುದ್ರ ಕಾಣಬೇಕು, ಸಾಧ್ಯವಾದರೆ ಅಲ್ಲೇ ನೆಲೆಸಬೇಕು.

ಆಸೆಗೆ ಅವಸರ ತಂದವರು ಬೀಗರು. ಅವನ ಮಗಳ ಮಾವ ದಾವಣಗೆರೆಯಲ್ಲಿ ಕಲ್ಯಾಣ ಮಂಟಪ ನಡೆಸುತ್ತಾರೆ. ಒಂದು ದಿನ ಹಿತ್ತಲಿಗೆ ಬಂದವರು ದೋಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಬೀಗರ, ಇದನ್ನ ನಮಗ ಕೊಟ್ಬಿಡ್ರಿ. ತುಂಬಾ ಐಸ್ ಹಾಕಿ ಮ್ಯಾಲೆ ಕಲ್ಲಂಗಡಿ, ಅನಾನಸು ಹೆಚ್ಚಿ ಜೋಡಿಸ್ತೀವಿ. ಊಟದ ಹಾಲ್‌ನಾಗ ನಡುಮಧ್ಯ ಇಟ್ರ ಏನ್ ಲಕ್ಷಣ ಅಂತೀರಿ! ಬೇಕಾದ್ರ ನಿಮ್ಮ ಹೆಸರೂ ಬರೆಸ್ತೀವಿ" ಎಂದರು.

ಬೀಗರು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವ ಪದ್ಧತಿ ನಮ್ಮ ಸೀಮೆಯಲ್ಲಿಲ್ಲ. ಚನ್ನವೀರಪ್ಪನ ಬಾಯಿಂದ ಆ ಗಳಿಗೆಯಲ್ಲಿ ಬಂದದ್ದು ಒಂದೇ ಮಾತು: "ಅದು ಸಮುದ್ರಕ್ಕ ಹೋಗೋದೈತ್ರಿ. ಜಾಗ ಗೊತ್ತಾಗೇತಿ." ಗೊತ್ತಾಗಿರಲಿಲ್ಲ. ಯುಗಾದಿ ಕಳೆದು ಮದುವೆಗಳು ಶುರುವಾಗುವುದರೊಳಗೆ ಜಾಗ ಸಿಗದಿದ್ದರೆ ದೋಣಿ ಕಲ್ಲಂಗಡಿಯ ತೊಟ್ಟಿಯಾಗುವುದು ಖಚಿತವಾಗಿತ್ತು.

ಗೆಳೆಯನ ಮರ್ಯಾದೆ ನನ್ನ ಕೈಗೆ ಬಂದದ್ದರಿಂದ ನಾನು ಸಂಶೋಧನೆಗೆ ಕೂತೆ. ಕರಾವಳಿಯಲ್ಲಿ ಗುಡಾರ ಹಾಕಿ ಉಳಿಯುವ ಜಾಗಗಳು ಈಗ ಬೇಕಾದಷ್ಟಿವೆ. ಎಲ್ಲವಕ್ಕೂ ಅಂತರ್ಜಾಲದಲ್ಲಿ ಚಿತ್ರಗಳುಂಟು, ಪ್ರಶಂಸೆಗಳುಂಟು. ನಾನು ಪ್ರಶಂಸೆಗಳನ್ನು ಬಿಟ್ಟು ಅವುಗಳ ತಾರೀಕುಗಳನ್ನು ಓದಿದೆ. ಒಂದು ಕಡೆ ಹನ್ನೊಂದು ಮಂದಿ ಬೇರೆ ಬೇರೆ ಊರಿನವರು ಒಂದೇ ವಾರದಲ್ಲಿ ಒಂದೇ ಬಗೆಯಲ್ಲಿ ಆನಂದಪಟ್ಟಿದ್ದರು. ಇನ್ನೊಂದು ಕಡೆ ಕಡುಬೇಸಿಗೆಯದೆಂದು ಹೇಳಿದ ಚಿತ್ರದ ಮೂಲೆಯಲ್ಲಿ ಮಳೆಗಾಲದ ಕೆಂಪು ನೀರು ಹರಿಯುತ್ತಿತ್ತು. ಮತ್ತೊಬ್ಬರು ಕಾವಲಿಗೆ ಕ್ಯಾಮೆರಾ ಇದೆಯೆಂದು ಚಿತ್ರ ಕಳಿಸಿದರು. ಹಿಗ್ಗಿಸಿ ನೋಡಿದರೆ ಅದು ಅಡುಗೆ ಮನೆಯತ್ತ ಮುಖ ಮಾಡಿತ್ತು. ಅವರು ಯಾರನ್ನು ಅನುಮಾನಿಸುತ್ತಿದ್ದರೆಂಬುದು ಸ್ಪಷ್ಟವಾಯಿತು. ದೋಣಿ ಭದ್ರವಾಗಿರುತ್ತದೆಯೇ ಎಂದು ನಾನು ಕೇಳಿದವರೆಲ್ಲ ಪ್ರಶ್ನೆ ಮುಗಿಯುವ ಮೊದಲೇ "ಫುಲ್ ಸೇಫ್ ಸರ್" ಎಂದರು. ಅಷ್ಟು ಬೇಗ ಸಿಕ್ಕುವ ಉತ್ತರ ಮೊದಲೇ ತಯಾರಾದ ಉತ್ತರ.

ಒಬ್ಬಾಕೆ ಮಾತ್ರ ಹಾಗೆನ್ನಲಿಲ್ಲ. ಘಟ್ಟದ ಕೆಳಗೆ, ನದಿ ಕಡಲಿಗೆ ಸೇರುವಲ್ಲಿನ ಅಳಿವೆಯ ದಂಡೆಯಲ್ಲಿ ಗಂಡನೊಡನೆ ನಾಲ್ಕು ಗುಡಾರ, ಒಂದು ಕೋಣೆ ಇಟ್ಟುಕೊಂಡಿದ್ದ ಮಾದೇವಿ ಎಂಬುವರು. ನನ್ನ ಪ್ರಶ್ನೆಗೆ ಸ್ವಲ್ಪ ಯೋಚಿಸಿ, "ಗೊತ್ತಿಲ್ರಾ. ಈವರೆಗೆ ನಮ್ದು ಯಾವ್ದೂ ಹೋಗ್ಲಿಲ್ಲ. ನಾಳೆ ಹೋಗೂದಿಲ್ಲ ಅಂತ ನಾ ಹ್ಯಾಂಗ್ ಹೇಳ್ಲಿ?" ಎಂದರು. ಇಷ್ಟು ಪ್ರಾಮಾಣಿಕತೆ ಒಳ್ಳೆಯದಕ್ಕಲ್ಲವೆಂದು ನನಗೆ ಅನಿಸಿತು. ಆಕೆಯ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ.

ಚನ್ನವೀರಪ್ಪ ನನ್ನ ಟಿಪ್ಪಣಿ ಪುಸ್ತಕ ತಿರುವಿ ನೋಡಿ ಅದೇ ಹೆಸರಿನ ಮೇಲೆ ಬೆರಳಿಟ್ಟ. "ಏನಲೇ ಪಂಡಿತ, ಹತ್ತು ಮಂದಿ ಸೇಫ್ ಅಂದ್ರು, ಅವರನ್ನೂ ನಂಬಲಿಲ್ಲ. ಈ ತಾಯಿ ಗೊತ್ತಿಲ್ಲ ಅಂದ್ಳು, ಆಕೀನ್ನೂ ನಂಬಲಿಲ್ಲ. ಇನ್ ದೋಣಿ ಮಾತಾಡ್ಬೇಕಷ್ಟ. ಇಲ್ಲಿಗೇ ಹೋಗಾಣ."

ಹೊರಡುವ ದಿನ ನಿಶ್ಚಯಿಸಿದವನು ನಾನು. ಆ ದಿನಕ್ಕೆ ಗೂಡ್ಸ್ ಗಾಡಿ ಬಿಡುವಾಗಿದೆಯೇ, ಘಟ್ಟದ ರಸ್ತೆ ತೆರೆದಿದೆಯೇ, ಆ ವಾರ ಮಳೆಯ ಸೂಚನೆಯುಂಟೇ ಎಂದು ಮೂರು ಕಡೆ ವಿಚಾರಿಸಿದೆ. ಗಿರಿಜಮ್ಮ, ನನ್ನ ಹೆಂಡತಿ, ಗೋಡೆಯ ಕ್ಯಾಲೆಂಡರ್ ನೋಡಿ, "ನಾಡಿದ್ದು ಅಮಾಸಿ ಐತ್ರಿ. ಅಮಾಸಿ ಮುಂದಿಟ್ಕೊಂಡು ನೀರಿನ ಸಾವಾಸಕ್ಕೆ ಹೋಗಬ್ಯಾಡ್ರಿ" ಎಂದರು. ನಾನು ನಕ್ಕೆ. ಮೂವತ್ತು ವರ್ಷ ಪಂಚಾಂಗ ನೋಡಿದ್ದೇನೆ, ಆದರೆ ಎಂದೂ ನನ್ನ ಪ್ರಯಾಣಕ್ಕಾಗಿ ನೋಡಿಲ್ಲ, ನೋಡುವುದೂ ಇಲ್ಲ ಎಂದು ಸಾಕಷ್ಟು ದೀರ್ಘವಾಗಿಯೇ ವಿವರಿಸಿದೆ. ಆಕೆ "ಆತು ಬಿಡ್ರಿ" ಎಂದು ಬುತ್ತಿಗೆ ರೊಟ್ಟಿ ಕಟ್ಟಿದರು.

ಮೆಕ್ಕೆಜೋಳ ಸಾಗಿಸುವ ಗಾಡಿಯ ಮೇಲೆ ದೋಣಿ ಏರಿಸಿ ಶಿರಸಿಯ ಮೇಲೆ ಹಾದು ಘಟ್ಟ ಇಳಿದೆವು. ಮುಟ್ಟುವಷ್ಟರಲ್ಲಿ ಸಂಜೆಯಾಗಿತ್ತು. ಮರುದಿನ ಬೆಳಿಗ್ಗೆ ಆರೂವರೆಗೆ ಗಾಡಿಯಿಂದ ದೋಣಿ ಇಳಿಸಿದಾಗ ಅಳಿವೆಯ ನೀರು ದೂರದಲ್ಲಿ ನಮ್ಮ ಹೊಳೆಯ ಹಾಗೆಯೇ ಮಂದವಾಗಿ ಮಲಗಿತ್ತು. ಮಾದೇವಿ ದಂಡೆಯ ಮೇಲಿನ ತಮ್ಮ ಶೆಡ್ಡು ತೋರಿಸಿ, "ಅಲ್ಲಿ ಇಡಿ, ಒಳಗೆ ಎಳೀಲಿಕ್ಕೆ ಇವ್ರು ಬರ್ತ್ರು" ಎಂದರು. ನಾನು ಶೆಡ್ಡನ್ನು ಒಳಹೊಕ್ಕು ನೋಡಿದೆ. ಹಿಂದೆ ಇನ್ನೊಂದು ಬಾಗಿಲಿತ್ತು. ಅದು ರಸ್ತೆಗೆ ತೆರೆಯುತ್ತಿತ್ತು. ಕದ್ದು ಸಾಗಿಸಲು ಇನ್ನೇನು ಬೇಕು?

ಕೆಳಗೆ, ಕೆಸರು ಮರಳಿನ ಮೇಲೆ, ಹಳೆಯದೊಂದು ಮರದ ಗೂಟ ನೆಟ್ಟಿತ್ತು. ನನ್ನ ಕೋಣೆಯ ಕಿಟಕಿಗೆ ನೇರವಾಗಿ ಕಾಣುತ್ತಿತ್ತು. ದೋಣಿಯ ಮೂತಿಯ ಕೊಂಡಿಗೆ ದಾವಣಗೆರೆಯಿಂದ ತಂದ ಕಬ್ಬಿಣದ ಸರಪಳಿ ಹಾಕಿ, ಒಂದು ಗೇಣೂ ಸಡಿಲ ಬಿಡದೆ ಆ ಗೂಟದ ಬುಡಕ್ಕೆ ಬಿಗಿದು ಬೀಗ ಜಡಿದೆ. ಮಾದೇವಿ ಮತ್ತೆ, "ಅಲ್ಲಿ ಬ್ಯಾಡ್ರಾ, ಮೇಲೆ ಎಳೀರಿ. ಇವತ್ತು ನೀರು ಜೋರು" ಎಂದರು. ಇಷ್ಟು ಒತ್ತಾಯ ಏಕೆಂದು ನನ್ನ ಸಂಶಯ ಇನ್ನಷ್ಟು ಗಟ್ಟಿಯಾಯಿತು. ಹೊಳೆದಂಡೆಯ ಚನ್ನವೀರಪ್ಪನೂ ಒಮ್ಮೆ ನೀರು ನೋಡಿ, "ಏ ಬಿಡ್ರಿ ತಾಯೀ, ನೀರು ಅಷ್ಟು ದೂರ ಐತೆ" ಎಂದ. ಉಬ್ಬರ ಇಳಿತ ನಮಗೆ ತಿಳಿಯದ್ದೆಂದಲ್ಲ, ಪರೀಕ್ಷೆಗೆ ಬರೆದಿದ್ದೇವೆ. ಆದರೆ ಅದು ಸಮುದ್ರದ ಸಮಾಚಾರ, ಇದು ನದಿಯಂತೆ ಕಾಣುವ ನೀರು. ನಮ್ಮ ಹೊಳೆ ಬೆಳಿಗ್ಗೆ ಒಂದು ಮಧ್ಯಾಹ್ನ ಒಂದು ಇದ್ದದ್ದನ್ನು ನಾವು ಕಂಡಿಲ್ಲ.

ಚಾವಿಯನ್ನು ಜೇಬಿನಲ್ಲಿಟ್ಟರೆ ಜೇಬನ್ನು ನಂಬಬೇಕಾಗುತ್ತದೆ. ಉಡಿದಾರಕ್ಕೆ ಕಟ್ಟಿ ಎರಡು ಗಂಟು ಹಾಕಿದೆ. ತಿಂಡಿ ಮುಗಿಸಿ ಕಿಟಕಿಯ ಬಳಿ ಕಾವಲಿಗೆ ಕೂತವನಿಗೆ ಪ್ರಯಾಣದ ಆಯಾಸಕ್ಕೆ ಜೊಂಪು ಹತ್ತಿತು.

ಬಾಗಿಲು ಬಡಿದ ಸದ್ದಿಗೆ ಎಚ್ಚರವಾದಾಗ ಹನ್ನೊಂದು ಗಂಟೆ. ಮಾದೇವಿಯವರ ಗಂಡ ಗಣಪತಿ ನಿಂತಿದ್ದರು, ತೊಡೆಯವರೆಗೆ ಒದ್ದೆ.

"ಸಾರ್, ಚಾವಿ ಕೊಡಿ, ಬೇಗ."

"ಯಾವ ಚಾವಿ?"

"ದೋಣಿದು, ಮತ್ತೆಂತದು!"

"ಅದು ನಿಮಗೇಕೆ ಬೇಕು?" ಎಂದು ನಾನು ಕೇಳಿದೆ. ಓದುಗರು ಕ್ಷಮಿಸಬೇಕು, ನಿಜವಾಗಿಯೂ ಹಾಗೆಯೇ ಕೇಳಿದೆ. ಅವರು ನೀರು ಬಂತೆಂದರು. ಬೆಳಿಗ್ಗೆ ಅದು ಅಷ್ಟು ದೂರ ಇದ್ದುದನ್ನು ನಾನೇ ಕಂಡಿದ್ದೇನೆಂದೆ. ಅಷ್ಟರಲ್ಲಿ ಅವರ ಹಿಂದಿನಿಂದ ಚನ್ನವೀರಪ್ಪ ಓಡಿಬಂದ.

"ಲೇ ಪಂಡಿತ, ಸಾಕ್ಷಿ ಆಮ್ಯಾಲೆ ತಗಳ್ಳೋವಂತಿ! ದೋಣಿ ಮುಳುಗಾಕ ಹತ್ತೇತಿ!"

ಕಿಟಕಿಯಾಚೆ ನೋಡಿದೆ. ಮರಳಿರಲಿಲ್ಲ. ಗೂಟವಿರಲಿಲ್ಲ. ನೀರು ತೆಂಗಿನ ಬುಡದವರೆಗೆ ಬಂದಿತ್ತು. ದೋಣಿಯ ಹಿಂಭಾಗ ಮೇಲೆದ್ದು, ಬಿಗಿದ ಮೂತಿ ಏಳಲಾರದೆ ಕೆಳಕ್ಕೆ ಜಗ್ಗಿ, ಅದರ ಮೇಲಿಂದ ನೀರು ಒಳಗೆ ನುಗ್ಗುತ್ತಿತ್ತು. ಮಾದೇವಿ ಎದೆಮಟ್ಟದ ನೀರಿನಲ್ಲಿ ನಿಂತು, ಒಂದು ಕೈಯಲ್ಲಿ ದೋಣಿಯ ಅಂಚು ಹಿಡಿದು ಇನ್ನೊಂದರಲ್ಲಿ ಅನ್ನ ಮಾಡುವ ಪಾತ್ರೆಯಿಂದ ನೀರು ಮೊಗೆದು ಮೊಗೆದು ಹೊರಗೆ ಚೆಲ್ಲುತ್ತಿದ್ದರು. ಕದಿಯಬಹುದೆಂದು ನಾನು ಎರಡು ಪ್ರಶ್ನಾರ್ಥಕ ಹಾಕಿದ್ದ ಹೆಂಗಸು.

ಉಡಿದಾರದ ಗಂಟು ಬಿಚ್ಚಲಿಲ್ಲ. ಬೆವರಿಗೆ ಬಿಗಿದು ಹೋಗಿತ್ತು. ಗಣಪತಿ ಕತ್ತಿ ತಂದು, "ಕೊಯ್ದು ಬಿಡ್ಲಾ?" ಎಂದಾಗ, ಅಮಾವಾಸ್ಯೆಗೆ ನಕ್ಕು ಬಂದ ವಿಚಾರವಾದಿಯಾದ ನಾನು, "ಬೇಡ ಬೇಡ, ಉಡಿದಾರ ಕತ್ತರಿಸಬಾರದು!" ಎಂದು ಕೂಗಿದೆ. ಚಾವಿ ನನ್ನನ್ನು ಬಿಟ್ಟು ಬರುವಂತಿಲ್ಲವಾದ್ದರಿಂದ ಚಾವಿಯ ಸಂಗಡ ನಾನೇ ನೀರಿಗಿಳಿಯಬೇಕಾಯಿತು. ಬೀಗ ಗೂಟದ ಬುಡದಲ್ಲಿ, ಚಾವಿ ನನ್ನ ಸೊಂಟದಲ್ಲಿ. ಎರಡನ್ನೂ ಸೇರಿಸಲು ನಾನು ಉಸಿರು ಹಿಡಿದು ಮುಳುಗಿ ಮರಳಿನ ಮೇಲೆ ಕುಕ್ಕುರುಗಾಲಲ್ಲಿ ಕೂರಬೇಕಿತ್ತು. ಚನ್ನವೀರಪ್ಪ ನನ್ನ ಭುಜ ಒತ್ತಿ ಹಿಡಿದ. ತುಸು ಹೆಚ್ಚೇ ಒತ್ತಿದನೆಂಬ ಅನುಮಾನ ನನಗೆ ಇಂದಿಗೂ ಇದೆ. ಮೂರನೆಯ ಸಲಕ್ಕೆ ಬೀಗ ತೆರೆಯಿತು. ದೋಣಿ ಒಮ್ಮೆ ಮೈಕೊಡವಿ ಮೇಲೆದ್ದಿತು.

ದಂಡೆಯಲ್ಲಿ ಕೂತು ಮೂಗಿನಿಂದ ಉಪ್ಪುನೀರು ಕಾರುತ್ತಿದ್ದಾಗ ನನಗೆ ಹರಿಹರೇಶ್ವರನ ನೆನಪಾಯಿತು. ಆ ಗುಡಿಯ ಶಾಸನಗಳನ್ನು ಓದಲು ಎಷ್ಟೋ ಸಲ ಹೋಗಿದ್ದೇನೆ. ಅರ್ಧ ಹರಿ, ಅರ್ಧ ಹರ. ಹರಿಯು ಕಡಲನ್ನೇ ಹಾಸಿಗೆ ಮಾಡಿಕೊಂಡವನು, ಹರನು ಚಂದ್ರನನ್ನು ತಲೆಯಲ್ಲಿ ಮುಡಿದವನು. ಕಡಲಿಗೂ ಚಂದ್ರನಿಗೂ ಒಂದೇ ಮೈಯಷ್ಟು ನಂಟೆಂದು ನಮ್ಮ ಸೀಮೆಯ ದೇವರು ನಿಂತ ನಿಲುವಿನಲ್ಲೇ ಹೇಳುತ್ತಿದ್ದ. ಅವನ ಮುಂದೆ ನಿಂತು ನಾನು ಗೋಡೆಯ ಅಕ್ಷರಗಳನ್ನು ಓದುತ್ತಿದ್ದೆ. ಅಮಾವಾಸ್ಯೆಯ ದಿನ ಉಬ್ಬರ ಹೆಚ್ಚೆಂಬುದು ದಂಡೆಯ ಮಕ್ಕಳಿಗೂ ಗೊತ್ತು. ಪ್ರಪಂಚದ ತಾರೀಕುಗಳನ್ನೆಲ್ಲ ಶೋಧಿಸಿದವನು ತಾನು ಹೊರಟ ದಿನದ ತಿಥಿಯನ್ನು ಮಾತ್ರ ತತ್ತ್ವಕ್ಕಾಗಿ ಬಿಟ್ಟಿದ್ದ. ಮನುಷ್ಯರನ್ನೆಲ್ಲ ಸಂಶಯಿಸಿ, ನೀರನ್ನು ನಂಬಿದ್ದ.

ಮಾದೇವಿ ಚಹಾ ತಂದುಕೊಟ್ಟರು. ನಾನು ಹೇಳಬೇಕಾದದ್ದನ್ನು ಹೇಳಲು ತಡವರಿಸುತ್ತಿದ್ದಾಗ, "ಶೆಡ್ಡಿಗೆ ಹಿಂದೆ ಇನ್ನೊಂದು ಬಾಗಿಲು ಎಂತಕೆ ಗೊತ್ತುಂಟಾ ಸಾರ್? ದೋಣಿ ಉದ್ದ ಇದ್ರೆ ಮೂತಿ ಹೊರಗೆ ಹಾಕೂಕೆ" ಎಂದಷ್ಟೇ ಅಂದರು. ಅವರು ನನ್ನ ಮುಖವನ್ನು ಬೆಳಿಗ್ಗೆಯೇ ಓದಿದ್ದರು.

ಮರುದಿನ ಗಣಪತಿ ಹೇಳಿದ ಹೊತ್ತಿಗೆ, ಅವರು ಹೇಳಿದ ದಾರಿಯಲ್ಲಿ, ದೋಣಿ ಅಳಿವೆ ದಾಟಿ ಕಡಲಿಗೆ ಇಳಿಯಿತು. ಮೂರನೆಯವನಾಗಿ ಗಣಪತಿಯೇ ಕೂತಿದ್ದರಿಂದ ನಾವಿಬ್ಬರೂ ಸಜ್ಜನರಾಗಿದ್ದೆವು. ಚನ್ನವೀರಪ್ಪ ಹುಟ್ಟು ಹಾಕುವುದನ್ನು ನಿಲ್ಲಿಸಿ, ಬೊಗಸೆಯಲ್ಲಿ ನೀರೆತ್ತಿ ನಾಲಿಗೆಗೆ ಮುಟ್ಟಿಸಿ, "ಹೌದಲೇ, ಉಪ್ಪೇ ಐತೆ" ಎಂದ. ನಿನ್ನೆಯೇ ಸಾಕಷ್ಟು ಕುಡಿದಿದ್ದ ನನಗೆ ಪರಿಶೀಲನೆಯ ಅಗತ್ಯ ಕಾಣಲಿಲ್ಲ. ಹಿಂತಿರುಗಿದ ಮೇಲೆ ಅವನು ದೋಣಿಯನ್ನು ಶೆಡ್ಡಿಗೆ ಎಳೆಸಿ ಮಾದೇವಿಯವರಿಗೆ ಒಪ್ಪಿಸಿದ. ಬೀಗ, ಸರಪಳಿ ಎರಡನ್ನೂ ನಾನು ವಾಪಸು ತಂದೆ. ಬೀಗರಿಗೆ ಅವನು ಸತ್ಯವನ್ನೇ ಹೇಳಿದ. ಮಂಟಪದಲ್ಲಿ ಈಗ ಹಣ್ಣಿಗೆ ಎತ್ತಿನಗಾಡಿ ಬಂದಿದೆಯಂತೆ.

ಆಮೇಲೆ ಪ್ರತಿ ಹುಣ್ಣಿಮೆಗೆ ಶೆಡ್ಡಿನಲ್ಲಿರುವ ದೋಣಿಯ ಒಂದು ಚಿತ್ರ ಮೊಬೈಲಿಗೆ ಬರತೊಡಗಿತು. ಕಳಿಸಿರೆಂದು ನಾವು ಕೇಳಿರಲಿಲ್ಲ. ಈಚಿನ ಚಿತ್ರದಲ್ಲಿ ದೋಣಿಯ ಅಂಚಿನಲ್ಲಿ ಒಂದು ಕಾಗೆ ಕೂತಿತ್ತು. ಹಿಂದಿನ ಹುಣ್ಣಿಮೆಯ ಚಿತ್ರ ತೆಗೆದು ನೋಡಿದೆ. ಅದೇ ಕಾಗೆ, ಅದೇ ಅಂಚು, ಕತ್ತಿನ ಅದೇ ಓರೆ, ನೆರಳಿನ ಅದೇ ಉದ್ದ. ಮೂವತ್ತು ವರ್ಷದ ಕಸುಬು ಒಮ್ಮೆಲೇ ಎದ್ದು ಕೂತಿತು. ಫೋನ್ ಮಾಡಿದೆ.

ಕಾಗೆಯ ಮಾತೆತ್ತಿದಾಗ ಮಾದೇವಿ ನೇರವಾಗಿಯೇ ಹೇಳಿದರು: "ದೋಣಿ ಶೆಡ್ಡಲ್ಲಿ ಇಲ್ರಾ. ನಮ್ಮದು ರಿಪೇರಿಗೆ ಹೋಯ್ತು. ಇವ್ರು ನಾಲ್ಕು ದಿನದಿಂದ ನಿಮ್ಮದರಲ್ಲೇ ಬಲೆಗೆ ಹೋಗ್ತಾ ಇದ್ರು. ಖಾಲಿ ಶೆಡ್ಡು ಕಂಡ್ರೆ ನಿಮಗೆ ಅನ್ನ ಇಳೀಲಿಕ್ಕಿಲ್ಲ ಅಂತ ಹಳೇ ಫೋಟೋನೇ ಹಾಕ್ದೆ."

ಈ ಸುಳ್ಳು ಯಾವ ಬಗೆಯದೆಂದು ವರ್ಗೀಕರಿಸಲು ನಾನು ಓದಿದ ಯಾವ ಶಾಸನವೂ ನೆರವಾಗಲಿಲ್ಲ. ಹರಿಹರಕ್ಕೆ ಹೋಗಿ ಚನ್ನವೀರಪ್ಪನಿಗೆ ಸಂಗತಿ ತಿಳಿಸಿದೆ. ಅವನು ಖಾಲಿಯಾದ ಹಿತ್ತಲನ್ನು ಕೊಂಚ ಹೊತ್ತು ನೋಡಿದ. ಮುಖ ಅರಳಿತು.

"ಮೀನು ಬಿತ್ತಂತ?"

ಅದನ್ನು ನಾನು ಕೇಳಿರಲಿಲ್ಲ. ಕೇಳಬೇಕಾಗಿದ್ದ ಪ್ರಶ್ನೆ ಅದೊಂದೇ ಇತ್ತು.

ದೋಣಿ ಬಲೆಗೆ ಹೋಗುವುದನ್ನು ಒಮ್ಮೆ ಅವನೂ ನೋಡಬೇಕಂತೆ. ದಿನ ನಿಶ್ಚಯಿಸಲು ನಿನ್ನೆ ನಾನು ಪಂಚಾಂಗ ಬಿಚ್ಚಿ ಕೂತಿದ್ದೆ. ಕಾಫಿ ತಂದ ಗಿರಿಜಮ್ಮ ಬಾಗಿಲಲ್ಲೇ ನಿಂತು ನೋಡಿದರು. "ಈಗರ ಬುದ್ಧಿ ಬಂತಲ್ರಿ, ದೇವರು ದೊಡ್ಡೋನು" ಎಂದರು. ಅದು ಶ್ರದ್ಧೆಯಲ್ಲ, ನೀರಿನ ಮಟ್ಟದ ಲೆಕ್ಕವೆಂದು ತಿದ್ದಲು ಬಾಯಿ ತೆರೆದೆ. ಆಮೇಲೆ ಕಾಫಿ ಕುಡಿದೆ.