ಟೆರೇಸಿನಿಂದ ಕಂಡ ಮಂಗಳ

ಗೆಳೆಯರೇ, ಇವತ್ತು ಸಂಜೆ ಬಿಟಿಎಂ ಬಡಾವಣೆಯ ನಮ್ಮ ಮನೆ ಓನರ್ ಆಂಟಿ, ಟೆರೇಸಿಗೆ ಹೊರಟ ನನಗೆ ಮೆಟ್ಟಿಲಲ್ಲೇ ಅಡ್ಡ ನಿಂತರು. ಇವತ್ತು ರಾತ್ರಿ ಮಂಗಳ ಗ್ರಹ ಚಂದ್ರನಷ್ಟೇ ದೊಡ್ಡದಾಗಿ ಕಾಣುತ್ತದೆಂದು ಅವರ ಮಗಳಿಗೆ ಇಮೇಲ್ ಬಂದಿತ್ತಂತೆ.

"ನಿಂಗೆ ಮೊದ್ಲೇ ಕುಜ ದೋಷ ಇದೆ ಕಣಮ್ಮ. ಅದನ್ನ ನೋಡಿದ್ರೆ ಮದ್ವೆ ಇನ್ನೂ ಲೇಟಾಗುತ್ತೆ" ಎಂದರು.

ಹೋದ ವಾರ ಧಾರವಾಡದಲ್ಲಿ ನನಗೆ ಹಿಡಿಸಿದ್ದ ಹುಡುಗನ ಮನೆಯವರು ಇದೇ ದೋಷ ಹೇಳಿ ಸಂಬಂಧ ಬೇಡವೆಂದಿದ್ದರು. ಹುಡುಗ ತುಟಿ ಬಿಚ್ಚಿರಲಿಲ್ಲ. ಅದು ಆಂಟಿಗೂ ಗೊತ್ತು. ಅಂದು ಸುಮ್ಮನಿದ್ದ ನನಗೆ ಇವತ್ತು ತಡೆಯಲಾಗಲಿಲ್ಲ.

"ನನ್ನ ಲಗ್ನ ಕೆಡಿಸಿದ್ದು ಯಾವುದು ಅಂತ ನಾನೂ ಒಮ್ಮೆ ನೋಡ್ತೀನ್ರೀ ಆಂಟಿ. ದಾರಿ ಬಿಡ್ರಿ" ಎಂದು ಮೇಲೆ ಹತ್ತಿದೆ. ಬೈಯುತ್ತಾ ಅವರೂ ಹಿಂದೆಯೇ ಬಂದರು.

ಪೂರ್ವದಲ್ಲಿ, ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಕೆಂಪು ಚುಕ್ಕೆಯೊಂದು ಹೊಳೆಯುತ್ತಿತ್ತು. ಬೆರಳು ಮಾಡಿ ತೋರಿಸಿದೆ.

"ಇಷ್ಟೇನಾ?" ಆಂಟಿ ಕೇಳಿದರು.

"ಇಷ್ಟ ರೀ ಆಂಟಿ."

ಅವರು ಕಣ್ಣು ಕಿರಿದು ಮಾಡಿ ಮತ್ತೊಮ್ಮೆ ನೋಡಿದರು. "ಇದಕ್ಕೆ ಹೆದರ್ಕೊಂಡು ಬಾಯ್ಬಿಡ್ಲಿಲ್ವಾ ಆ ಹುಡ್ಗ? ಬಿಡಮ್ಮ, ತಪ್ಪಿದ್ದೇ ಒಳ್ಳೇದಾಯ್ತು."

ಬರಿಗಣ್ಣಿಗೆ ಮಂಗಳ ಎಂದೂ ಚಂದ್ರನಷ್ಟು ಕಾಣುವುದಿಲ್ಲ, ಗೆಳೆಯರೇ. ಅದು ದೊಡ್ಡದಾಗುವುದು ಜಾತಕದಲ್ಲಿ ಮಾತ್ರ.